ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕಾಲೇಜುಗಳ ಚರ್ಚಾಕೂಟ

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಸಾಹಿತ್ಯ ಸಂಘ, ಚರ್ಚಾಕೂಟ ನಡೆಸುತ್ತಿದ್ದರಂತೆ. ಅದೇ ಪದ್ಧತಿಯಲ್ಲಿ ನಮ್ಮ ಕಾಲೇಜಿನಲ್ಲೂ ಒಂದು ಕೂಟ ಕಟ್ಟಬೇಕೆಂದಿದ್ದೇವೆ. ಈಗಿನ ಚರ್ಚಾಸ್ಪರ್ಧೆಗಿಂತ ಅದು ಹೇಗೆ ಬೇರೆ? ಎಲ್ಲಿಂದ ಶುರು ಮಾಡಬೇಕು?
– ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಈಗಿನ ಸ್ಪರ್ಧೆ ವರ್ಷಕ್ಕೊಮ್ಮೆ, ಬಹುಮಾನಕ್ಕಾಗಿ. ಆಗಿನ ಕೂಟ ವಾರವಾರ, ದಂಡದ ಪಟ್ಟಿ ಮುಂದಿಟ್ಟುಕೊಂಡು. ಅಮೆರಿಕದ ಕಾಲೇಜುಗಳಲ್ಲಿ ಸಭೆ ತಪ್ಪಿಸಿದರೆ, ತಡವಾಗಿ ಬಂದರೆ, ತಯಾರಿಲ್ಲದೆ ಎದ್ದು ನಿಂತರೆ ಸದಸ್ಯರೇ ಸದಸ್ಯರಿಗೆ ದಂಡ ಹಾಕುತ್ತಿದ್ದರು. ಚಂದಾ ಹಣದಿಂದ ಪುಸ್ತಕ ಕೊಳ್ಳುತ್ತಿದ್ದರು. ಯೇಲ್ ಕಾಲೇಜಿನಲ್ಲಿ ಲಿನೋನಿಯಾ (1753), ಬ್ರದರ್ಸ್ ಇನ್ ಯೂನಿಟಿ (1768) ಎಂಬ ಎರಡು ಎದುರಾಳಿ ಸಂಘಗಳು ಪೈಪೋಟಿಯ ಮೇಲೆ ಬೆಳೆಸಿದ ಗ್ರಂಥಾಲಯಗಳು ಕೊನೆಗೆ ಕಾಲೇಜಿನ ಗ್ರಂಥಾಲಯಕ್ಕೇ ಸೇರಿದವು.

ಸಭೆಯ ಕ್ರಮ ಸುಮಾರಾಗಿ ಹೀಗಿರುತ್ತಿತ್ತು: ಹಾಜರಿ, ಹಿಂದಿನ ಸಭೆಯ ನಡಾವಳಿ ಓದು, ಒಂದು ಪ್ರಬಂಧ ಅಥವಾ ಕಂಠಪಾಠ, ಆಮೇಲೆ ಚರ್ಚೆ. ಕೊನೆಗೆ ವಿಮರ್ಶಕನೆಂದು ನೇಮಕವಾದ ಸದಸ್ಯ ಎದ್ದು ಉಚ್ಚಾರ, ವ್ಯಾಕರಣ, ತರ್ಕ ಎಲ್ಲದರ ತಪ್ಪನ್ನೂ ಮುಖದ ಮೇಲೆ ಹೇಳುತ್ತಿದ್ದ. ನೀವು ಏನನ್ನು ಬಿಟ್ಟರೂ ಈ ವಿಮರ್ಶಕನನ್ನು ಬಿಡಬೇಡಿ. ಆ ಕೆಲಸ ಮೇಷ್ಟ್ರಿಗೂ ಬೇಡ. ಸರದಿಯಂತೆ ವಿದ್ಯಾರ್ಥಿಗಳೇ ಮಾಡಲಿ.

ಲೆಕ್ಕ ಮೊದಲೇ ಹಾಕಿಕೊಳ್ಳಿ. ಪರವಾಗಿ ಇಬ್ಬರು, ವಿರೋಧವಾಗಿ ಇಬ್ಬರು, ತಲಾ 8 ನಿಮಿಷ: 32. ಸಭೆಯಿಂದ ಎಂಟು ಮಂದಿ, ತಲಾ 3 ನಿಮಿಷ: 24. ನಡಾವಳಿಗೆ 5, ಮೊದಲ ಭಾಷಣಕಾರರ ಉತ್ತರಕ್ಕೆ 5, ವಿಮರ್ಶೆಗೆ 10, ಮತಕ್ಕೆ 5. ಒಟ್ಟು 81 ನಿಮಿಷ. ಎರಡು ಗಂಟೆಗೆ ಕೂತರೆ ಮೂರೂವರೆಯೊಳಗೆ ಏಳಬಹುದು, ಹಳ್ಳಿ ಕಡೆಯವರಿಗೆ ಬಸ್ಸೂ ಸಿಗುತ್ತದೆ. ಸ್ವಾಗತ, ಹೂಗುಚ್ಛ, ಶಾಲು, ಮುಖ್ಯ ಅತಿಥಿಯ ಎರಡು ಮಾತು ಸೇರಿಸಿದಿರೋ, ಚರ್ಚೆ ಅಲ್ಲೇ ಸತ್ತಿತು. ಭಾಷಣಕ್ಕೆ ಒಂದು ನಿಮಿಷ ಉಳಿದಾಗ ಒಂದು ಸಲ ಗಂಟೆ ಬಾರಿಸಿ, ಮುಗಿದಾಗ ಎರಡನೇ ಸಲ. ಎರಡನೆಯದರ ನಂತರ ವಾಕ್ಯ ಪೂರ್ತಿ ಮಾಡಲೂ ಬಿಡಬೇಡಿ.

ಕೂಟ ಕೆಡುವುದು ಹೆಚ್ಚಾಗಿ ವಿಷಯದ ಆಯ್ಕೆಯಲ್ಲಿ. 'ಪ್ರಗತಿ ವರವೋ ಶಾಪವೋ' ಎಂದಿಟ್ಟರೆ ಎರಡೂ ಕಡೆಯವರು ಬಾಯಿಪಾಠ ಒಪ್ಪಿಸಿ ಕೂರುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದೇ ಇಲ್ಲ. 'ಭತ್ತದ ಗದ್ದೆಗೆ ಅಡಿಕೆ ಹಾಕುವುದನ್ನು ಸರ್ಕಾರ ತಡೆಯಬೇಕು' ಎಂದಿಡಿ. ಯಾರು, ಏನು ಮಾಡಬೇಕು ಎಂಬುದು ಅದರಲ್ಲೇ ಇದೆ. ನೀರು, ಕೂಲಿ, ಧಾರಣೆ, ಎಲೆಚುಕ್ಕಿ ರೋಗ ಎಲ್ಲವೂ ತಾವಾಗಿ ಚರ್ಚೆಗೆ ಬರುತ್ತವೆ. ವಿಷಯವನ್ನು ಎರಡು ವಾರ ಮೊದಲೇ ಫಲಕಕ್ಕೆ ಹಾಕಿ. ಯಾರು ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ತೋಟವಿರುವ ಮನೆಯ ಹುಡುಗ ತಡೆಯ ಪರವಾಗಿ ಮಾತಾಡಬೇಕಾಗಿ ಬಂದರೆ ಕೂಟ ಕಳೆಕಟ್ಟುತ್ತದೆ.

ದಂಡವನ್ನು ಈಗ ಹಣದಲ್ಲಿ ವಸೂಲು ಮಾಡಿದರೆ ಮನೆಯಿಂದ ತಕರಾರು ಬಂದೀತು. ತಪ್ಪಿಸಿದವರು ಮುಂದಿನ ಸಭೆಗೆ ಒಂದು ಪುಟದ ಪುಸ್ತಕ ಪರಿಚಯ ಬರೆದು ತರಲಿ. ಇನ್ನೊಂದು: ಶೀಟಿನ ಮಾಡಿನ ಸಭಾಂಗಣವಾದರೆ ಜುಲೈ ಮಳೆಯಲ್ಲಿ ಮುಂದಿನ ಸಾಲಿಗೂ ಮಾತು ಕೇಳಿಸದು. ಆ ತಿಂಗಳು ಪ್ರಬಂಧ ಓದಿಗೆ ಇರಲಿ, ಚಿಕ್ಕ ಕೋಣೆಯಲ್ಲಿ.

ಪ್ರಶ್ನೆ: ಆ ಕಾಲದಲ್ಲಿ ಶಿವಮೊಗ್ಗದಲ್ಲಿ ಇಂಥ ಸಂಘ ಇತ್ತೇ? ನಮ್ಮ ದೇಶದಲ್ಲಿ ಮೊದಲು ಎಲ್ಲಿ ಶುರುವಾಯಿತು?
– ಓದುಗರು, ಹೊಸನಗರ

ಉತ್ತರ: ಆಗ ಇಲ್ಲಿ ಕಾಲೇಜೇ ಇರಲಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಊರಲ್ಲಿ ಕರ್ನಾಟಕ ಸಂಘ ಹುಟ್ಟಿದ್ದು 1930ರಲ್ಲಿ, ಸಹ್ಯಾದ್ರಿ ಕಾಲೇಜು 1940ರಲ್ಲಿ. ಇಲ್ಲಿ ಕಾಲೇಜಿಗಿಂತ ಸಂಘವೇ ಹಿರಿಯದು.

ಹೆಸರಾದ ಮೊದಲಿಗರು ಕಲ್ಕತ್ತೆಯ ಹಿಂದೂ ಕಾಲೇಜಿನವರು. 1826ರಲ್ಲಿ, ಹದಿನೇಳರ ಪ್ರಾಯದಲ್ಲಿ ಅಲ್ಲಿ ಅಧ್ಯಾಪಕನಾದ ಡಿರೋಜಿಯೊನ ಸುತ್ತ 1828ರ ಹೊತ್ತಿಗೆ ಅಕಾಡೆಮಿಕ್ ಅಸೋಸಿಯೇಷನ್ ಕಟ್ಟಿಕೊಂಡಿತು. ವಿಧಿ, ಮೂರ್ತಿಪೂಜೆ ಎಲ್ಲವೂ ಚರ್ಚೆಗೆ ಬಂದವು, ಪೋಷಕರು ಗದ್ದಲವೆಬ್ಬಿಸಿದರು, 1831ರಲ್ಲಿ ಆತ ಕೆಲಸ ಬಿಡಬೇಕಾಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾರ್ಥಿಗಳು 1848ರಲ್ಲಿ ಕಟ್ಟಿದ ಸಂಘ ಇನ್ನೂ ಜಾಣತನದ್ದು. ಅದು ಮರಾಠಿ, ಗುಜರಾತಿ ಶಾಖೆಗಳನ್ನು ತೆರೆಯಿತು, ಹೆಣ್ಣುಮಕ್ಕಳ ಶಾಲೆಗಳನ್ನೂ ನಡೆಸಿತು. ತೀರ್ಥಹಳ್ಳಿಯವರು ಕನ್ನಡದಲ್ಲೇ ಚರ್ಚಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಪ್ರಶ್ನೆ: ಅಟ್ಟದಲ್ಲಿ ಹಳೆಯ ಸಂಘವೊಂದರ ನಡಾವಳಿ ಪುಸ್ತಕ ಸಿಕ್ಕಿದೆ. ಬೂಷ್ಟು ಹಿಡಿದಿದೆ, ಅಕ್ಷರ ಕಂದಾಗಿದೆ. ಲ್ಯಾಮಿನೇಷನ್ ಮಾಡಿಸಲೇ?
– ಸಾಗರದ ಓದುಗರು

ಉತ್ತರ: ಖಂಡಿತ ಬೇಡ. ಅದರ ಶಾಖ, ಅಂಟು ಎರಡೂ ಕಾಗದವನ್ನು ಕೆಡಿಸುತ್ತವೆ, ಮತ್ತೆ ಬಿಡಿಸಲಾಗದು. ಕಂದು ಅಕ್ಷರ ಬಹುಶಃ ಕಬ್ಬಿಣದ ಶಾಯಿಯದು. ಅದರ ಆಮ್ಲ ಕಾಗದವನ್ನೇ ತಿನ್ನುತ್ತದೆ, ತೇವವಾದರೆ ಇನ್ನೂ ಬೇಗ. ಆದ್ದರಿಂದ ಒದ್ದೆ ಬಟ್ಟೆ ತಾಗಿಸಬೇಡಿ, ಬಿಸಿಲಿಗೂ ಹಾಕಬೇಡಿ. ಗಾಳಿಯಾಡುವ ನೆರಳಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಜಗಲಿಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಬೂಷ್ಟನ್ನು ನಿಮ್ಮಿಂದಾಚೆಗೆ ಸವರಿ. ನುಸಿಗುಳಿಗೆಯಿಂದ ಬೂಷ್ಟು ಹೋಗುವುದಿಲ್ಲ. ಮೊದಲು ಎಲ್ಲ ಪುಟಗಳ ಫೋಟೊ ತೆಗೆಯಿರಿ, ಖಾಲಿ ಪುಟಗಳದ್ದೂ. ಮಳೆಗಾಲಕ್ಕೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಿಸಿ.