ತಂತಿಗೆ ಮನೆ ಕರೆಂಟ್ ಬೇಡ

ಶೆಟ್ಟಿಹಳ್ಳಿ ಕಾಡಂಚಿನ ಗದ್ದೆಗೆ ಜಿಂಕೆ ಹಿಂಡು ನುಗ್ಗುತ್ತಿದೆ, ಮನೆ ಲೈನಿನಿಂದ ತಂತಿಗೆ ಕರೆಂಟ್ ಕೊಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ ಸಾರ್. ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಗದ್ದೆಯವರೇ ಸಾಯಬಹುದು. ಜಿಂಕೆ ಸತ್ತರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು.

ಸೋಲಾರ್ ಬೇಲಿ ಬೇರೆ. ಅದು ಬಿಟ್ಟು ಬಿಟ್ಟು ಕ್ಷಣಮಾತ್ರ ಶಾಕ್ ಕೊಡುತ್ತದೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಆದರೆ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಶಾಕ್ ನೆಲಕ್ಕೆ ಇಳಿದುಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಕತ್ತಿ ಹಿಡಿದು ಸವರುತ್ತಲೇ ಇರಬೇಕು, ಇದೇ ದೊಡ್ಡ ತಲೆನೋವು. ಜಿಂಕೆ ಹಾರುವುದೂ ಜೋರು. ಮೂರಡಿ ಬೇಲಿ ಸುಮ್ನೆ ದಂಡ, ಏಳೆಂಟು ಅಡಿ ಇರಲಿ.

ತಿಂದ ಪೈರಿನ ಫೋಟೊ, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನೂ ಬೇಗ ಹಾಕಿ. ದುಡ್ಡು ಕಡಿಮೆ ಅಂತ ನಮ್ಮೂರಲ್ಲಿ ಎಷ್ಟೋ ಜನ ಹಾಕುವುದೇ ಇಲ್ಲ. ಆಮೇಲೆ ಕಾಟ ದಾಖಲೆಗೇ ಬರುವುದಿಲ್ಲ, ಅಲ್ವಾ?