ಸ್ಟೋವಿನಲ್ಲಿ ಸಣ್ಣ ಕಲ್ಲಿದ್ದಲು ಏಕೆ ಆರಿಹೋಗುತ್ತದೆ

ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಹತ್ತಿರ ಬಾಡಿಗೆಗೆ ಹಿಡಿದ ಹಳೆ ಮನೆಯಲ್ಲಿ ಕಲ್ಲಿದ್ದಲಿನ ಸ್ಟೋವಿದೆ, ‘ರೈಸ್’ ಅನ್ನುವ ಸಣ್ಣ ಹರಳು ತಂದು ಸುರಿದರೆ ಗಂಟೆಯೊಳಗೆ ಆರಿಹೋಗುತ್ತದೆ, ಕೆದಕಿದಷ್ಟೂ ಕೆಡುತ್ತದೆ ಎಂದು ಕೇಳಿದ್ದೀರಿ. ಕಲ್ಲಿದ್ದಲಿನಲ್ಲಿ ದೋಷವಿಲ್ಲ. ಅದು ನಿಮ್ಮ ಸ್ಟೋವಿಗೆ ಹೊಂದುವ ಗಾತ್ರವಲ್ಲ, ಅಷ್ಟೇ.

ಈಶಾನ್ಯ ಪೆನ್ಸಿಲ್ವೇನಿಯಾದಲ್ಲಿ ಸಿಗುವುದು ಆಂಥ್ರಸೈಟ್, ಗಟ್ಟಿಯಾದ, ಹೊಗೆಯೇ ಇಲ್ಲವೆನ್ನಬಹುದಾದ ಕಲ್ಲಿದ್ದಲು. ಜರಡಿ ಹಿಡಿದು ಗಾತ್ರಕ್ಕೊಂದು ಹೆಸರಿಟ್ಟು ಮಾರುತ್ತಾರೆ. 3/16ರಿಂದ 5/16 ಇಂಚಿನದು ರೈಸ್, 9/16ರವರೆಗಿನದು ಬಕ್‌ವೀಟ್, 13/16ರವರೆಗಿನದು ಪೀ, ಅದಕ್ಕಿಂತ ದೊಡ್ಡದು, ಸುಮಾರು ಒಂದೂವರೆ ಇಂಚಿನವರೆಗಿನದು ನಟ್. ನಿಮ್ಮ ಸ್ಟೋವಿನ ಮೇಲೋ ಹಿಂದೋ ಕಲ್ಲಿದ್ದಲು ತುಂಬುವ ಪೆಟ್ಟಿಗೆ, ಕರೆಂಟಿನ ಮೋಟಾರು, ಫ್ಯಾನು ಇದ್ದರೆ ಅದು ಸ್ಟೋಕರ್. ರೈಸ್ ಇರುವುದೇ ಅದಕ್ಕೆ. ಬರೀ ಬಾಗಿಲು, ಕೆಳಗೆ ಅಲ್ಲಾಡಿಸುವ ಜಾಲರಿ, ಹೊರಗೊಂದು ಹಿಡಿ ಇದ್ದರೆ ಕೈಯಿಂದ ತುಂಬುವ ಸ್ಟೋವು. ನಿಮ್ಮದು ಇದೇ ಇರಬೇಕು. ಇದಕ್ಕೆ ನಟ್ ತನ್ನಿ, ಜಾಲರಿಯ ಕಂಡಿ ಕಿರಿದಾಗಿದ್ದರೆ ಪೀ ಕೂಡ ನಡೆಯುತ್ತದೆ.

ಕಾರಣ ಗಾಳಿ. ಆಂಥ್ರಸೈಟ್ ಉರಿಯಬೇಕಾದರೆ ಗಾಳಿ ಜಾಲರಿಯ ಕೆಳಗಿನಿಂದ ಹರಳುಗಳ ಸಂದಿಯಲ್ಲಿ ಹಾದು ಮೇಲೇರಬೇಕು. ಹರಳು ಸಣ್ಣದಾದಷ್ಟೂ ಸಂದಿ ಕಿರಿದು. ಸ್ಟೋಕರಿನಲ್ಲಿ ಫ್ಯಾನು ಗಾಳಿಯನ್ನು ನೂಕುತ್ತದೆ, ಅದೂ ತೆಳ್ಳಗಿನ ಹಾಸಿನೊಳಗೆ. ನಿಮ್ಮಲ್ಲಿ ಎಳೆಯುವುದು ಚಿಮಣಿ ಮಾತ್ರ. ರೈಸ್ ಹಾಕಿದರೆ ಅರ್ಧ ಕಂಡಿಯಿಂದ ಉದುರಿಹೋಗುತ್ತದೆ, ಉಳಿದರ್ಧ ಮರಳು ಮುಚ್ಚಿದಂತೆ ಬೆಂಕಿಯ ಉಸಿರು ಕಟ್ಟುತ್ತದೆ.

ಇನ್ನು ಕೆದಕುವ ವಿಷಯ. ಊರಿನ ಬಚ್ಚಲೊಲೆಯಲ್ಲಿ ಕೊಳ್ಳಿ ಮುಂದಕ್ಕೆ ನೂಕಿ, ಕೆಂಡ ಕೆದಕಿ ರೂಢಿಯಾದ ಕೈಗೆ ಇದು ಕಷ್ಟ, ಆದರೂ ಆಂಥ್ರಸೈಟನ್ನು ಮೇಲಿನಿಂದ ಮುಟ್ಟಲೇಬೇಡಿ. ಕೆದಕಿದರೆ ಬೂದಿ ಮೇಲೆ ಬಂದು ಸಂದಿಗಳು ಮುಚ್ಚಿಕೊಳ್ಳುತ್ತವೆ, ಬೆಂಕಿ ಸಾಯುತ್ತದೆ.

ಹೊತ್ತಿಸುವುದು ಹೀಗೆ. ಬೂದಿ ಬಾಗಿಲ ಗಾಳಿಕಿಂಡಿ ಪೂರ್ತಿ ತೆರೆದು, ಒಣಗಿದ ಗಟ್ಟಿ ಸೌದೆಯ ಚಕ್ಕೆಗಳಿಂದ ಜೋರು ಬೆಂಕಿ ಮಾಡಿ, ಕೆಂಡದ ಹಾಸು ಬರಲಿ. ಅದರ ಮೇಲೆ ಒಂದೆರಡು ಇಂಚು ಕಲ್ಲಿದ್ದಲು ಹರಡಿ. ಚಟಪಟ ಸದ್ದು ಬಂದು, ನೀಲಿ ಜ್ವಾಲೆ ಕಂಡು, ಹರಳು ಕೆಂಪಾದ ಮೇಲೆ ಇನ್ನೊಂದು ಪದರ. ಹೀಗೆ ಸ್ಟೋವಿನ ಒಳಗೋಡೆಗೆ ಜೋಡಿಸಿದ ಬೆಂಕಿ ಇಟ್ಟಿಗೆಯ ಮಟ್ಟದವರೆಗೆ ತುಂಬಿ. ಇಲ್ಲಿ ಜಿಪುಣತನ ಬೇಡ. ತೆಳು ಹಾಸು ನಿಲ್ಲುವುದಿಲ್ಲ, ಆಳವಾದದ್ದೇ ಹತ್ತು ಹನ್ನೆರಡು ಗಂಟೆ ಬಾಳುತ್ತದೆ. ಆಮೇಲೆ ಕಿಂಡಿ ಕಿರಿದು ಮಾಡಿ. ಬೂದಿ ಬಾಗಿಲನ್ನೇ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋದರೆ ಸ್ಟೋವು ಕೆಂಪೇರಿ ಜಾಲರಿ ಸೊಟ್ಟಗಾಗುತ್ತದೆ. ಬಾಗಿಲು ತೆರೆದಷ್ಟು ಹೊತ್ತೂ ಅಲ್ಲೇ ನಿಂತಿರಿ.

ದಿನಕ್ಕೆ ಎರಡು ಸಲ ನೋಡಿಕೊಂಡರೆ ಸಾಕು. ಹಿಡಿಯನ್ನು ಸಣ್ಣದಾಗಿ, ಚುರುಕಾಗಿ ಅಲ್ಲಾಡಿಸಿ. ಕೆಳಗಿನ ತಟ್ಟೆಗೆ ಕೆಂಪು ಚೂರುಗಳು ಬೀಳಲು ಶುರುವಾದ ಕೂಡಲೇ ನಿಲ್ಲಿಸಿ. ಹೊಸದನ್ನು ಹಾಕುವಾಗ ಪೂರ್ತಿ ಮುಚ್ಚಬೇಡಿ, ಮುಂದಿನ ಒಂದು ಮೂಲೆಯಲ್ಲಿ ಕೆಂಡ ಕಾಣುತ್ತಿರಲಿ. ಹೊಸ ಕಲ್ಲಿದ್ದಲಿನಿಂದ ಏಳುವ ಅನಿಲ ಆ ಕೆಂಡಕ್ಕೆ ತಾಗಿ ಹೊತ್ತಿಕೊಳ್ಳಬೇಕು. ಮುಚ್ಚಿದರೆ ಅನಿಲ ಒಳಗೇ ತುಂಬಿ, ಆಮೇಲೆ ಒಮ್ಮೆಲೇ ಧಡ್ ಎಂದು ಹೊತ್ತಿ ಪೈಪಿನ ಕೀಲನ್ನೇ ಬಿಚ್ಚಿಸಬಲ್ಲದು. ಪೀ ಹಾಕುವವರಿಗೆ ಇದು ಇನ್ನೂ ಮುಖ್ಯ, ಸಣ್ಣ ಹರಳು ಬೇಗ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಗೆಂದು ಪೀ ನಿಷಿದ್ಧವಲ್ಲ. ನಟ್ ಚೆನ್ನಾಗಿ ಹತ್ತಿದ ಮೇಲೆ ರಾತ್ರಿಗೆ ಅದರ ಮೇಲೊಂದು ಪದರ ಪೀ ಹಾಕಿದರೆ ಉರಿ ನಿಧಾನವಾಗಿ ಬೆಳಗಿನವರೆಗೆ ಉಳಿಯುತ್ತದೆ.

ಬೆಂಕಿ ಮಂಕಾಗಿದ್ದಾಗ ಮೊದಲು ಅಲ್ಲಾಡಿಸಿದರೆ ಇದ್ದದ್ದೂ ಹೋಗುತ್ತದೆ. ತೆಳುವಾಗಿ ಒಂದು ಸಲಿಕೆ ಹಾಕಿ, ಕೆಳಗಿನ ಗಾಳಿ ಬಿಟ್ಟು, ಅದು ಹತ್ತಿದ ಮೇಲೆ ಅಲ್ಲಾಡಿಸಿ.

ಉರಿಯಿಂದ ಏಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಹೆದರಿಸುತ್ತಿಲ್ಲ, ಆದರೆ ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಬಳಿಯೂ ಅದರ ಅಲಾರಂ ಇರಲಿ, ಮೊದಲ ಕಿಡಿಗೂ ಮುಂಚೆ. ಚಿಮಣಿ ಕೊನೆಯ ಸಲ ಯಾವಾಗ ಗುಡಿಸಿದ್ದು ಎಂದು ಮನೆ ಮಾಲೀಕರನ್ನು ಕೇಳಿ, ಸ್ಟೋವು ಬಳಸಲು ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಪೈಪಿನೊಳಗಿನ ಕೈದಾಂಪರನ್ನು, ಅಂದರೆ ಹೊಗೆಯ ದಾರಿ ಮುಚ್ಚುವ ತಟ್ಟೆಯನ್ನು, ತಿರುಗಿಸಿ ಉರಿ ತಗ್ಗಿಸಬೇಡಿ. ತಾನೇ ತೂಗಿ ತೆರೆಯುವ ಬ್ಯಾರೊಮೆಟ್ರಿಕ್ ದಾಂಪರ್ ಇದ್ದರೆ ಚಿಮಣಿಯ ಎಳೆತವನ್ನು ಅದೇ ಸರಿದೂಗಿಸುತ್ತದೆ. ಕೈಯಿಂದ ತುಂಬುವ ಸ್ಟೋವುಗಳಿಗೆ ಸಾಮಾನ್ಯವಾಗಿ 0.04ರಿಂದ 0.06 ‘ಇಂಚು ನೀರಿನಷ್ಟು’ (ಎಳೆತ ಅಳೆಯುವ ಒತ್ತಡದ ಮಾನ ಇದು) ಎಳೆತ ಕೇಳುತ್ತಾರೆ. ನಿಮ್ಮ ಸ್ಟೋವಿನ ಕೈಪಿಡಿಯದೇ ಕೊನೆಯ ಮಾತು. ಹೊರಗೆ ಬಿಸಿಲೇರಿದ ದಿನ ಎಳೆತ ಕುಗ್ಗುತ್ತದೆ, ಅಂಥ ದಿನ ಬೆಂಕಿ ಬಿಟ್ಟುಬಿಡುವುದೇ ಮೇಲು. ಇನ್ನೊಂದು, ನಮ್ಮವರ ಮನೆಗಳಿಗೇ ವಿಶೇಷ: ಒಗ್ಗರಣೆ ಹೊಗೆಗೆಂದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಜೋರಾಗಿ ಬಿಟ್ಟರೆ ಅದು ಬಿಗಿಯಾದ ಮನೆಯ ಗಾಳಿಯನ್ನು ಹೊರಕ್ಕೆಳೆದು, ಚಿಮಣಿಯ ಗಾಳಿಯನ್ನೇ ಒಳಕ್ಕೆ ತರಬಹುದು. ಆ ಹೊತ್ತಿಗೆ ಒಂದು ಕಿಟಕಿ ಬೆರಳಷ್ಟು ತೆರೆದಿರಲಿ.

40 ಪೌಂಡಿನ ಚೀಲಕ್ಕೆ ನಾಲ್ಕೈದು ಪೌಂಡು ಬೂದಿ ಬರುತ್ತದೆ. ತಟ್ಟೆಯನ್ನು ದಿನವೂ ಬರಿದು ಮಾಡಿ; ಬೂದಿ ಜಾಲರಿಗೆ ತಾಗುವಷ್ಟು ಏರಿದರೆ ಕೆಳಗಿನಿಂದ ತಣಿಸುವ ಗಾಳಿ ನಿಂತು ಜಾಲರಿ ಹಾಳಾಗುತ್ತದೆ. ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಹೊರಗಿಡಿ, ಮರದ ಜಗಲಿಯ ಮೇಲಲ್ಲ. ಬೂದಿ ಮುಚ್ಚಿದ ಕೆಂಡ ಎನ್ನುವುದು ಇಲ್ಲಿ ಗಾದೆಯಲ್ಲ, ದಿನಗಟ್ಟಲೆ ಕೆಂಪಾಗಿಯೇ ಇರುತ್ತದೆ. ತರಕಾರಿ ಮಡಿಗೆ ಸುರಿಯಬೇಡಿ, ಇದು ಸೌದೆ ಬೂದಿಯಲ್ಲ. ಹಿಮಗಟ್ಟಿದ ದಾರಿಗೆ ಚೆಲ್ಲಿದರೆ ಕಾಲು ಜಾರುವುದಿಲ್ಲ.

ಚಳಿಗಾಲ ಮುಗಿದ ಕೂಡಲೇ ಪೈಪು ಬಿಚ್ಚಿ ಬೂದಿಪುಡಿ ತೆಗೆಸಿ. ಅದರ ಗಂಧಕಕ್ಕೆ ಬೇಸಿಗೆಯ ತೇವ ಸೇರಿದರೆ ಆಮ್ಲವಾಗಿ ತಗಡನ್ನು ತಿನ್ನುತ್ತದೆ. ಮಿಕ್ಕ ರೈಸ್ ಚೀಲ ಒಡೆಯದೇ ಇದ್ದರೆ ಅಂಗಡಿಯವರು ನಟ್‌ಗೆ ಬದಲಾಯಿಸಿ ಕೊಡುತ್ತಾರೆಯೇ ಕೇಳಿ ನೋಡಿ.