ಡಿಸ್ಕ್ ಬರೆಯದೆ ಮುಷ್ಕರ ಹೂಡಿದಾಗ

ಪ್ರಶ್ನೆ: ನಮ್ಮ ಅಂಗಡಿಯ ಲೆಕ್ಕಪತ್ರವೆಲ್ಲ ಒಂದು ಉಬುಂಟು ಕಂಪ್ಯೂಟರಿನಲ್ಲಿದೆ. ವಾರದಿಂದ ಅದು ಇದ್ದಕ್ಕಿದ್ದಂತೆ ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಎಂದು ಹೇಳಿ ಏನನ್ನೂ ಸೇವ್ ಮಾಡಲು ಬಿಡುವುದಿಲ್ಲ. ರೀಬೂಟ್ ಮಾಡಿದರೆ ಒಂದೆರಡು ಗಂಟೆ ಸರಿ, ಆಮೇಲೆ ಮತ್ತದೇ ರಗಳೆ. ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಜರ್ನಲ್ ಇದೆಯಲ್ಲ, ಅದು ಕಾಪಾಡಬೇಕಿತ್ತಲ್ಲವೇ?

ಉತ್ತರ: ಮೊದಲು ರೀಬೂಟ್ ಮಾಡುವುದನ್ನು ನಿಲ್ಲಿಸಿ. ಪ್ರತಿ ಬೂಟ್‌ನಲ್ಲೂ ಜರ್ನಲ್ ಮರುಓಟ, ತಪಾಸಣೆ ಎಂದು ಆ ಡಿಸ್ಕಿನ ಮೇಲೆ ಹೊಸದಾಗಿ ಬರೆಯುವ ಕೆಲಸ ನಡೆಯುತ್ತದೆ. ಬರೆಯಲಾಗದ್ದೇ ಅದರ ಕಾಯಿಲೆ ತಾನೆ?

ಜರ್ನಲ್ ಇರುವುದು ಕರೆಂಟ್ ಹೋದಾಗಿನ ಆಪತ್ತಿಗೆ. ಅಂಗಡಿಯವರಿಗೆ ಕಿರ್ದಿ, ಖತಾವಣಿ ಗೊತ್ತೇ ಇರುತ್ತದೆ. ಮೊದಲು ಕಿರ್ದಿಯಲ್ಲಿ ಬರೆದು ನಂತರ ಖತಾವಣಿಗೆ ಏರಿಸಿದರೆ, ನಡುವೆ ಕೆಲಸ ನಿಂತರೂ ಲೆಕ್ಕ ಕೂಡಿಸಿಕೊಳ್ಳಬಹುದು. ಇಎಕ್ಸ್‌ಟಿ4 ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಹೀಗೆ ಕಿರ್ದಿ ಬರೆಯುತ್ತದೆ. ಆದರೆ ಅದರಲ್ಲಿರುವುದು ಐನೋಡ್ (ಫೈಲಿನ ವಿವರದ ದಾಖಲೆ), ಬ್ಲಾಕ್ ಬಿಟ್‌ಮ್ಯಾಪ್ (ಯಾವ ಜಾಗ ಖಾಲಿ ಎಂಬ ಪಟ್ಟಿ), ಡೈರೆಕ್ಟರಿಗಳಂಥ ಮೆಟಾಡೇಟಾ, ಅಂದರೆ ಫೈಲುಗಳ ಬಗೆಗಿನ ವಿವರ ಮಾತ್ರ; ನಿಮ್ಮ ಫೈಲಿನ ಒಳಗಿನ ಮಾಹಿತಿ ಅಲ್ಲ. ಇನ್ನು ಕಿರ್ದಿ ಪುಸ್ತಕದ ಹಾಳೆಯೇ ಹರಿದಿದ್ದರೆ?

ಆಗ ನಡೆಯುವುದೇ ನಿಮ್ಮಲ್ಲಿ ನಡೆದದ್ದು. ವ್ಯವಸ್ಥೆಯ ಸಂದೇಶಗಳನ್ನು ತೋರಿಸುವ ‘ಡಿಮೆಸೆಜ್’ ಆಜ್ಞೆ ಕೊಟ್ಟು ನೋಡಿದರೆ ‘ಅಬಾರ್ಟಿಂಗ್ ಜರ್ನಲ್ ಆನ್ ಡಿವೈಸ್ ಎಸ್‌ಡಿಎ1-8’ ಎಂಬಂಥ ಸಾಲು ಸಿಕ್ಕೀತು. ಕೊನೆಯ 8 ಎಂದರೆ ಜರ್ನಲ್ ಕೂತಿರುವ ಐನೋಡ್ ಸಂಖ್ಯೆ. ಅದರ ಆಚೀಚೆ ‘ಎರರ್ -5’ ಕಂಡರೆ ಅದು ಡಿಸ್ಕಿನಿಂದ ಬಂದ ಓದು-ಬರಹದ ದೋಷ. -30 ಕಂಡರೆ ಓದಲು ಮಾತ್ರ ಸಾಧ್ಯವಾದ ಮೇಲಿನ ಪರಿಣಾಮ, ಮೂಲ ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿರುತ್ತದೆ. ಜರ್ನಲ್ ಬರೆಯಲಾಗದಿದ್ದರೆ ಖತಾವಣಿ ಮುಟ್ಟುವುದು ಅಪಾಯ ಎಂದು ಫೈಲ್ ಸಿಸ್ಟಂ ತಾನೇ ಬೀಗ ಹಾಕಿಕೊಳ್ಳುತ್ತದೆ. ಬೀಗ ಬಿದ್ದದ್ದು ಒಳ್ಳೆಯದೇ ಆಯಿತು.

ಪ್ರಶ್ನೆ: ದೋಷ ಡಿಸ್ಕಿನದೋ ಕೇಬಲ್‌ನದೋ ತಿಳಿಯುವುದು ಹೇಗೆ? ಎಫ್‌ಎಸ್‌ಸಿಕೆ ಓಡಿಸಿದರೆ ಸಾಲದೆ?

ಉತ್ತರ: ಎಫ್‌ಎಸ್‌ಸಿಕೆ ಕೊನೆಗೆ. ಅದು ಫೈಲ್ ಸಿಸ್ಟಂ ಅನ್ನು ಸರಿಪಡಿಸುತ್ತದೆ, ಡಿಸ್ಕನ್ನಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಓಡಿಸಿದರೆ ಉಳಿದದ್ದನ್ನೂ ಕಳೆದುಕೊಳ್ಳಬಹುದು.

ಹಾಳಾದ ಸೆಕ್ಟರಿಗೆ (ಡಿಸ್ಕಿನ ಸಣ್ಣ ತುಂಡಿಗೆ) ಬರೆಯಲು ಹೋದಾಗ ಡಿಸ್ಕ್ ಸದ್ದಿಲ್ಲದೆ ತನ್ನ ಮೀಸಲು ಜಾಗದಿಂದ ಬೇರೊಂದನ್ನು ಕೊಡುತ್ತದೆ. ಆದ್ದರಿಂದ ಓದುವಾಗಿನ ದೋಷ ಸಾಮಾನ್ಯ, ಬರೆಯುವಾಗಿನ ದೋಷ ಹಾಗಲ್ಲ. ಅದು ನಮ್ಮವರೆಗೆ ಬಂತೆಂದರೆ ಮೀಸಲು ಮುಗಿದಿರಬಹುದು, ಇಲ್ಲವೇ ಕೇಬಲ್, ಪವರ್ ಅಥವಾ ಕಂಟ್ರೋಲರ್ ಕೈಕೊಟ್ಟಿರಬಹುದು. ಡಿಸ್ಕಿನ ಆರೋಗ್ಯ ತಿಳಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ ಆಜ್ಞೆ ಕೊಟ್ಟು 5, 197, 198, 199 ಈ ನಾಲ್ಕು ಸಾಲುಗಳ ಕೊನೆಯ ಅಂಕಿ ನೋಡಿ. 5 ಬದಲಾಯಿಸಿದ ಸೆಕ್ಟರುಗಳು, 197 ತೀರ್ಮಾನವಾಗದೆ ಕಾದಿರುವವು, 198 ಸರಿಪಡಿಸಲಾಗದವು. ಇವು ದಿನದಿನಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತನ್ನಿ. 199 ಡಿಸ್ಕಿಗೂ ಕಂಪ್ಯೂಟರಿಗೂ ನಡುವಿನ ಸಾಗಣೆಯ ದೋಷಗಳು; ಅದೊಂದೇ ಏರುತ್ತಿದ್ದರೆ ಬಹುಪಾಲು ಸಾಟಾ ಕೇಬಲ್‌ನ ತಪ್ಪು. ಕಂಪ್ಯೂಟರ್ ಆಫ್ ಮಾಡಿ ಕೇಬಲ್ ಬದಲಿಸಿ. ಈ ಅಂಕಿ ಮತ್ತೆ ಇಳಿಯುವುದಿಲ್ಲ, ಬದಲಿಸಿದ ಮೇಲೆ ಏರದಿದ್ದರೆ ಸಾಕು. ಮೇಲ್ಗಡೆ ‘ಪಾಸ್ಡ್’ ಎಂದು ಬರೆದಿದೆಯೆಂದು ನಿಶ್ಚಿಂತರಾಗಬೇಡಿ. ಸತ್ತೇಹೋಗುವ ಡಿಸ್ಕುಗಳೂ ಕೊನೆಯ ದಿನದವರೆಗೆ ಪಾಸಾಗುತ್ತಿರುತ್ತವೆ.

ಡಿಸ್ಕೇ ಕೆಟ್ಟಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕಿಗೆ ‘ಡಿಡಿರೆಸ್ಕ್ಯೂ’ ಬಳಸಿ ನಕಲು ತೆಗೆಯಿರಿ. ಮೊದಲ ಸುತ್ತು ‘-ಡಿ -ಎನ್’ ಆಯ್ಕೆಯಲ್ಲಿ: ಚೆನ್ನಾಗಿ ಓದುವ ಭಾಗವೆಲ್ಲ ಬೇಗ ಕೈಗೆ ಬರಲಿ. ಎರಡನೇ ಸುತ್ತು ‘-ಡಿ -ಆರ್3’: ಹಠ ಮಾಡುವ ಜಾಗಗಳಿಗೆ ಮೂರು ಸಲ ಮತ್ತೆ ಪ್ರಯತ್ನ. ಎರಡಕ್ಕೂ ಒಂದೇ ಮ್ಯಾಪ್ ಫೈಲ್ (ಎಲ್ಲೆಲ್ಲಿ ನಕಲಾಯಿತೆಂಬ ದಾಖಲೆ) ಕೊಡಿ, ಅದನ್ನು ಮೂರನೇ ಜಾಗದಲ್ಲಿಡಿ. ಮೂಲ, ಗುರಿ ಅದಲುಬದಲಾಗದಂತೆ ಡಿಸ್ಕಿನ ಹೆಸರು ಎರಡು ಸಲ ನೋಡಿಕೊಳ್ಳಿ. ‘ಇ2ಎಫ್‌ಎಸ್‌ಸಿಕೆ -ಎಫ್’ (ಇಎಕ್ಸ್‌ಟಿ4ಗೆ ಬಳಸುವ ಎಫ್‌ಎಸ್‌ಸಿಕೆ) ಓಡಬೇಕಾದದ್ದು ಈ ನಕಲಿನ ಮೇಲೆ. ಹಳೆಯ ಡಿಸ್ಕನ್ನು ಇಣುಕಿ ನೋಡಲೇಬೇಕಿದ್ದರೆ ‘ಆರ್‌ಓ,ನೋಲೋಡ್’ (ಓದಲು ಮಾತ್ರ, ಜರ್ನಲ್ ಮರುಓಡಿಸದೆ) ಎಂದು ಮೌಂಟ್ ಮಾಡಿ, ಅಂದರೆ ಜೋಡಿಸಿಕೊಳ್ಳಿ. ಬರೀ ‘ಆರ್‌ಓ’ ಎಂದರೂ ಇಎಕ್ಸ್‌ಟಿ4 ಜರ್ನಲನ್ನು ಮರುಓಡಿಸಿ ಡಿಸ್ಕಿಗೆ ಬರೆಯುತ್ತದೆ. ಇದು ಗೊತ್ತಿಲ್ಲದೆ ಎಡವಿದವರು ಬಹಳ.

ಪ್ರಶ್ನೆ: ಪ್ರೋಗ್ರಾಂ ಬರೆಯುತ್ತೇನೆ. ನನ್ನ ಕೋಡ್‌ನಲ್ಲಿ ‘ರೈಟ್’ ಯಶಸ್ವಿ ಎಂದೇ ಬಂದಿತ್ತು, ಆದರೂ ಮಾಹಿತಿ ಡಿಸ್ಕಿನಲ್ಲಿಲ್ಲ. ಯಾರ ತಪ್ಪು?

ಉತ್ತರ: ‘ರೈಟ್’ ಯಶಸ್ವಿ ಎಂದರೆ ಮಾಹಿತಿ ಮೆಮೊರಿಯ ಪೇಜ್ ಕ್ಯಾಶ್‌ಗೆ ಸೇರಿತು ಎಂದಷ್ಟೇ ಅರ್ಥ. ಡಿಸ್ಕಿಗೆ ಇಳಿಯುವಾಗ ಬಂದ ದೋಷವನ್ನು ‘ಎಫ್‌ಸಿಂಕ್’ (ಡಿಸ್ಕಿಗೆ ಬರೆದು ಮುಗಿಸು ಎನ್ನುವ ಕರೆ) ಹೇಳುತ್ತದೆ, ಅದೂ ಒಂದೇ ಸಲ. ಬರೆಯಲಾಗದ ಪುಟವನ್ನು ಇಎಕ್ಸ್‌ಟಿ4 ‘ಶುದ್ಧ’ (ಡಿಸ್ಕಿಗೆ ಬರೆದಾಯಿತು) ಎಂದು ಗುರುತಿಸಿಬಿಡುವುದರಿಂದ, ಸೋತ ‘ಎಫ್‌ಸಿಂಕ್’ ಅನ್ನು ಮತ್ತೆ ಕರೆದರೆ ಎರಡನೇ ಸಲ ಯಶಸ್ಸು ಎನ್ನುತ್ತದೆ, ಮಾಹಿತಿ ಮಾತ್ರ ಗೋವಿಂದ! 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಗಾಬರಿಯಾದದ್ದು ಇದಕ್ಕೇ. 2019ರಿಂದ ಅವರ ಸರ್ವರ್ ಇಂಥ ದೋಷ ಬಂದರೆ ಮರುಪ್ರಯತ್ನ ಮಾಡದೆ ಕುಸಿದು, ತನ್ನದೇ ಲಾಗ್‌ನಿಂದ ಮರಳಿ ಕಟ್ಟಿಕೊಳ್ಳುತ್ತದೆ. ನೀವೂ ಮರುಪ್ರಯತ್ನಿಸಬೇಡಿ, ಕೈಯಲ್ಲಿರುವ ಮೂಲ ಮಾಹಿತಿಯನ್ನು ಹೊಸ ಫೈಲಿಗೆ, ಸಾಧ್ಯವಾದರೆ ಬೇರೆ ಡಿಸ್ಕಿಗೆ ಮತ್ತೆ ಬರೆಯಿರಿ. ಫೈಲ್ ಬದಲಿಸುವಾಗ ಕ್ರಮ ಹೀಗಿರಲಿ: ತಾತ್ಕಾಲಿಕ ಫೈಲಿಗೆ ಬರೆದು ‘ಎಫ್‌ಸಿಂಕ್’, ಆಮೇಲೆ ‘ರೀನೇಮ್’, ಕೊನೆಗೆ ಡೈರೆಕ್ಟರಿಗೂ ‘ಎಫ್‌ಸಿಂಕ್’.

ಫೈಲಿನ ಮಾಹಿತಿ ಬರೆಯುವಾಗ ದೋಷ ಬಂದರೂ ಜರ್ನಲ್ ನಿಲ್ಲಲಿ ಎಂದಿದ್ದರೆ ‘ಡೇಟಾ_ಎರ್=ಅಬಾರ್ಟ್’ ಎಂಬ ಮೌಂಟ್ ಆಯ್ಕೆಯಿದೆ; ಅದು ತಾನಾಗಿ ಇರುವುದಿಲ್ಲ, ಹಾಕಿಕೊಳ್ಳಬೇಕು.

ಪ್ರಶ್ನೆ: ಫೈಲ್ ಸಿಸ್ಟಂನಲ್ಲಿ ದೋಷ ಕಂಡಾಗ ಏನು ಮಾಡಬೇಕೆಂದು ಹೇಳುವ ‘ಎರರ್ಸ್=’ ಆಯ್ಕೆಗೆ ಯಾವುದು ಒಳ್ಳೆಯದು?

ಉತ್ತರ: ‘ರಿಮೌಂಟ್-ಆರ್‌ಓ’, ಅಂದರೆ ಓದಲು ಮಾತ್ರ ಬಿಡುವುದು. ‘ಟ್ಯೂನ್2ಎಫ್‌ಎಸ್ -ಇ’ ಬಳಸಿ ಒಮ್ಮೆ ಹಾಕಿದರೆ ಸೂಪರ್‌ಬ್ಲಾಕಿನಲ್ಲೇ (ಫೈಲ್ ಸಿಸ್ಟಂನ ಮುಖ್ಯ ದಾಖಲೆಯಲ್ಲೇ) ಉಳಿಯುತ್ತದೆ. ‘ಕಂಟಿನ್ಯೂ’ ಇದ್ದರೆ ಕೆಟ್ಟ ಮೆಟಾಡೇಟಾದ ಮೇಲೇ ಬರೆಯುತ್ತ ಹೋಗುವ ಅಪಾಯವಿದೆ. ‘ಪ್ಯಾನಿಕ್’ (ಯಂತ್ರವನ್ನೇ ನಿಲ್ಲಿಸುವುದು) ಬೇಕಾಗುವುದು ಒಂದು ಯಂತ್ರ ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ವ್ಯವಸ್ಥೆಯಿರುವ ಕಡೆ ಮಾತ್ರ.